ಬಿಡುಗಡೆಗೆ ಮುಖ ಸಣ್ಣಗೆ ಮಾಡುತ್ತಿದ್ದ ಬ್ಯಾಂಡ್ ಮೇಷ್ಟ್ರು

ಸೆಂಟ್ರಲ್ ಜೈಲಿನಲ್ಲಿ ಯಾರಿಗಾದರೂ ಬಿಡುಗಡೆ ಎಂದರೆ ಎಲ್ಲರಿಗೂ ಸಂಭ್ರಮ. ಹೊರಗೆ ಹೋಗುವವನ ಮಾತು ಬಿಡಿ, ಒಳಗೆ ಉಳಿಯುವವರಿಗೂ ಖುಷಿ. ಇವನು ಹೋದ ಎಂದರೆ ನಮ್ಮ ಸರದಿಯೂ ಒಂದು ದಿನ ಬಂದೀತು ಎಂಬ ಆಸೆ. ವಾರ್ಡರುಗಳಿಗೆ ಕಾಯಬೇಕಾದ ತಲೆ ಒಂದು ಕಡಿಮೆಯಾಯಿತೆಂಬ ನೆಮ್ಮದಿ. ಇಡೀ ಜೈಲಿನಲ್ಲಿ ಆ ದಿನ ಮುಖ ಸಣ್ಣಗೆ ಮಾಡಿಕೊಂಡು ಓಡಾಡುತ್ತಿದ್ದವರು ಬ್ಯಾಂಡ್ ಮೇಷ್ಟ್ರು ಒಬ್ಬರೇ.

ಅವರು ಕೈದಿಯಲ್ಲ, ಸಂಬಳಕ್ಕೆ ಬಂದವರು. ಕೈದಿಗಳಿಗೆ ವಾದ್ಯ ಕಲಿಸಿ ಬ್ಯಾಂಡು ಕಟ್ಟುವುದು ಅವರ ಕೆಲಸ. ಅವರ ಸಂಕಟವೇನೆಂದರೆ, ಹೊಸದಾಗಿ ಬಂದವನಿಗೆ ಕ್ಲಾರಿನೆಟ್ಟಿನ ಯಾವ ತುದಿ ಬಾಯಿಗೆ ಎಂಬುದೂ ಗೊತ್ತಿರುವುದಿಲ್ಲ. ಮೊದಲ ವರ್ಷ ಬೆಕ್ಕಿನ ಬಾಲ ತುಳಿದ ಹಾಗೆ ಸದ್ದು. ಎರಡನೆಯ ವರ್ಷ ಏನೋ ಒಂದು ದಾರಿಗೆ ಬರುತ್ತಾನೆ. ಇನ್ನು ಇವನದು ಕೇಳುವ ಹಾಗಾಯಿತು, ನಾನು ಸ್ವಲ್ಪ ಉಸಿರು ಬಿಡಬಹುದು ಎಂದು ಮೇಷ್ಟ್ರು ಅಂದುಕೊಳ್ಳುವಷ್ಟರಲ್ಲಿ ಸನ್ನಡತೆಯ ಮೇಲೆ ಶಿಕ್ಷೆ ಕಡಿತ, ಬಿಡುಗಡೆ! ಆ ಸನ್ನಡತೆ ಬಂದದ್ದಾದರೂ ಎಲ್ಲಿಂದ? ತಪ್ಪದೆ ಬ್ಯಾಂಡಿಗೆ ಬರುತ್ತಾನೆ, ಹೇಳಿದ ಮಾತು ಕೇಳುತ್ತಾನೆ ಎಂಬುದೇ ಸನ್ನಡತೆ. ಅಂದರೆ ಮೇಷ್ಟ್ರು ಚೆನ್ನಾಗಿ ಕಲಿಸಿದಷ್ಟೂ ಶಿಷ್ಯರು ಬೇಗ ಕೈ ಕೊಡುತ್ತಿದ್ದರು. ನೀವೇ ಹೇಳಿ, ಬೇರೆ ಯಾವ ಮೇಷ್ಟ್ರಿಗೆ ಇಂಥ ಗತಿ ಬಂದಿದೆ?

ಆ ಜೈಲು ಮೊದಲು ಊರ ಹೊರಗಿತ್ತು. ಸೈನ್ಯದ ಕುದುರೆಗಳಿಗೆಂದು ಕಟ್ಟಿದ ಲಾಯ ಅದು. ಕುದುರೆಗಳು ಹೋಗಿ ಮನುಷ್ಯರು ಬಂದರು, ಗಾಳಿ ಗೂಡುಗಳಿಗೆ ಕಬ್ಬಿಣದ ಸರಳು ಬಂತು, ನಡುವೆ ಒಂದು ಗೋಪುರ ಎದ್ದು ಅದರ ತುದಿಗೆ ಗಂಟೆ ಕಟ್ಟಿದರು. ಊರಿನವರು ಆಗ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆಮೇಲೆ ನೋಡಿ, ಊರೇ ಬೆಳೆದು ಬಂದು ಜೈಲಿನ ಸುತ್ತ ಕೂತುಕೊಂಡಿತು. ಮುಂದೆ ಬಸ್ ನಿಲ್ದಾಣ, ಹಿಂದೆ ಹೆಣ್ಣುಮಕ್ಕಳ ಶಾಲೆ, ಪಕ್ಕಕ್ಕೆ ಸಿನಿಮಾ ಟಾಕೀಸು. ಗೋಡೆಯ ಒಳಗಿನವರು ಟಿಕೆಟ್ಟಿಲ್ಲದೆ ಸಿನಿಮಾ ಹಾಡು ಕೇಳುತ್ತಿದ್ದರು. ಹೊರಗಿನವರು ಬಾಡಿಗೆಗೆ ಮನೆ ತೋರಿಸುವಾಗ ‘ಜೈಲಿನ ಹಿಂದೆಯೇ, ಕಳ್ಳರ ಭಯ ಇಲ್ಲ’ ಎನ್ನುತ್ತಿದ್ದರು.

ಒಳಗಿದ್ದವರ ಕಥೆಯೂ ಹಾಗೆಯೇ. ಆಳುವವರು ಬದಲಾದಾಗಲೆಲ್ಲ ಅವರೂ ಬದಲಾಗುತ್ತಿದ್ದರು. ಅರಸನನ್ನು ಬೈದವರು ಮಲಗಿದ್ದ ಜಾಗದಲ್ಲಿ, ಅರಸ ಹೋದ ಮೇಲೆ, ಅರಸನನ್ನು ಹೊಗಳಿದವರು ಬಂದು ಮಲಗಿದರು. ಘೋಷಣೆ ಕೂಗಿ ಒಳಗೆ ಬಂದವರು ಹೊರಗೆ ಹೋಗಿ ಮಂತ್ರಿಗಳಾದರು. ಅವರಲ್ಲೊಬ್ಬರು ಹೊಸ ಬ್ಯಾರಕ್ಕಿನ ಉದ್ಘಾಟನೆಗೆ ಬಂದು, ಇಷ್ಟು ದೊಡ್ಡ ಕಿಟಕಿ ಯಾಕೆ, ಕಳ್ಳರಿಗೆ ಗಾಳಿ ಬೇರೆ ಕೇಡು ಎಂದು ಇಂಜಿನಿಯರಿಗೆ ಬೈದು, ಅರ್ಧ ಕಿಟಕಿ ಮುಚ್ಚಿಸಿ ಹೋದರು. ಕೆಲವು ವರ್ಷದ ಮೇಲೆ ಲಂಚದ ಕೇಸಿನಲ್ಲಿ ಅದೇ ಬ್ಯಾರಕ್ಕಿಗೆ ಬಂದಾಗ ಬೇಸಿಗೆ. ವಾರ್ಡರುಗಳು ಆ ಕಥೆಯನ್ನು ಹೊಸಬರಿಗೆಲ್ಲ ಹೇಳಿ ಹೇಳಿ ನಗುತ್ತಿದ್ದರು.

ಮೇಷ್ಟ್ರು ಅಲ್ಲಿಗೆ ಬರುವ ಮೊದಲು ಸರ್ಕಸ್ ಕಂಪನಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಹಗ್ಗದ ಮೇಲೆ ನಡೆಯುವವರು ಎಡವಿದರೆ ಹಾಡನ್ನೂ ಎಡವಿಸಬೇಕು, ಸಿಂಹ ಮೊಂಡು ಹಿಡಿದರೆ ಅದು ಎದ್ದೇಳುವ ತನಕ ಅದೇ ಸಾಲನ್ನು ಸುತ್ತಿಸಬೇಕು, ಅಂಥ ವಿದ್ಯೆ ಅದು. ಕಂಪನಿ ಮುಚ್ಚಿತು, ಜೈಲಿನಲ್ಲಿ ಕೆಲಸ ಸಿಕ್ಕಿತು. ಮಾವನವರು ಮಾತ್ರ ಬಹಳ ದಿನ ಪೇಚಿಗೆ ಬಿದ್ದರು. ಅಳಿಯಂದಿರು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ಜೈಲಿನಲ್ಲಿ ಎನ್ನುತ್ತಿದ್ದರು, ಕೇಳಿದವರು ಅಯ್ಯೋ ಪಾಪ ಎಂದು ಕೈ ಹಿಡಿದುಕೊಂಡ ಮೇಲೆ, ಅಲ್ಲ ಅಲ್ಲ, ಕೆಲಸಕ್ಕಿದ್ದಾರೆ ಎಂದು ಬೆವರು ಒರೆಸಿಕೊಳ್ಳುತ್ತಿದ್ದರು.

ಅಭ್ಯಾಸಕ್ಕೆ ಅವರಿಗೆ ಸಿಕ್ಕ ಕೋಣೆ ಹಿಂದೆ ನೇಣು ಹಾಕುತ್ತಿದ್ದ ಕೋಣೆ. ಆ ಶಿಕ್ಷೆ ನಿಂತು ಎಷ್ಟೋ ಕಾಲವಾಗಿತ್ತು, ಆದರೂ ಯಾರೂ ಆ ಬಾಗಿಲ ಹತ್ತಿರ ಸುಳಿಯುತ್ತಿರಲಿಲ್ಲ. ಮೇಷ್ಟ್ರಿಗೆ ಹೆದರಿಕೆ ಆಗಲಿಲ್ಲವೆಂದಲ್ಲ, ಚೆನ್ನಾಗಿಯೇ ಆಯಿತು. ಆದರೆ ಗೋಡೆ ದಪ್ಪ, ಸದ್ದು ಹೊರಗೆ ಹೋಗುವುದಿಲ್ಲ, ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಮೊದಲ ದಿನವೇ ಆ ದಪ್ಪ ತೊಲೆಗೆ ದೊಡ್ಡ ಡ್ರಮ್ಮನ್ನು ನೇತು ಹಾಕಿಸಿದರು. ಅಲ್ಲಿಂದ ಮುಂದೆ ಆ ತೊಲೆಯನ್ನು ನೋಡಿ ಯಾರೂ ಮುಖ ತಿರುಗಿಸಲಿಲ್ಲ.

ಆ ಕೋಣೆಯಲ್ಲಿ ಇಪ್ಪತ್ತು ಜನ ಸೇರುತ್ತಿದ್ದರು. ಅವರಲ್ಲಿ ಮೇಷ್ಟ್ರ ಪ್ರಾಣ ಎಂದರೆ ತಿದಿ. ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಹೊರಗೆ ಕಮ್ಮಾರನಾಗಿದ್ದ, ಉಸಿರು ಕುಲುಮೆಗೆ ಗಾಳಿ ಊದುವ ತಿದಿಯಂಥದು, ಅದೇ ಹೆಸರಾಯಿತು. ಯಾವುದೋ ಜಗಳದಲ್ಲಿ ಸಿಟ್ಟು ತಲೆಗೇರಿ ಒಂದೇ ಒಂದು ಏಟು ಹೊಡೆದ, ಹೊಡೆಸಿಕೊಂಡವನು ಮತ್ತೆ ಏಳಲಿಲ್ಲ. ಆ ಒಂದು ಏಟಿಗೆ ಅವನ ಅರ್ಧ ಆಯುಸ್ಸು ಹೋಯಿತು. ಅದರ ಬಗ್ಗೆ ಅವನು ಮಾತಾಡುತ್ತಿರಲಿಲ್ಲ, ಟ್ರಂಪೆಟ್ ಊದುತ್ತಿದ್ದ. ಅವನು ಒಂದು ಸ್ವರ ಹಿಡಿದನೆಂದರೆ ಪಕ್ಕದಲ್ಲಿ ಸೈಡ್ ಡ್ರಮ್ ಬಾರಿಸುವ ಜೇಬುಗಳ್ಳ ಕೂಡ ಕೈ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ದೀರ್ಘ ಶಿಕ್ಷೆಯವನಾದ್ದರಿಂದ ಇವನಾದರೂ ನನ್ನ ಜೊತೆಗಿರುತ್ತಾನೆ ಎಂದು ಮೇಷ್ಟ್ರು ಧೈರ್ಯ ತಂದುಕೊಂಡಿದ್ದರು. ಎಂಥ ಧೈರ್ಯ ನೋಡಿ, ಕೇಳಿದರೆ ನಗಬೇಕೋ ಬೈಯಬೇಕೋ ಗೊತ್ತಾಗುವುದಿಲ್ಲ.

ಅಭ್ಯಾಸದ ನಡುವೆ ದಿನಾ ಒಂದು ತೊಂದರೆ. ಗೋಪುರದ ಗಂಟೆ ಬಾರಿಸಿತೆಂದರೆ ತಲೆ ಎಣಿಕೆ. ಕೈದಿ ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಮುಖಕ್ಕೆ ಸೋಪು ಹಚ್ಚಿಕೊಂಡಿದ್ದರೂ ಸರಿ, ಇದ್ದಲ್ಲಿಯೇ ಜೋಡಿ ಜೋಡಿಯಾಗಿ ಕುಕ್ಕರುಗಾಲಲ್ಲಿ ಕೂತು ಕೈಯನ್ನು ಮೊಣಕಾಲ ಮೇಲಿಡಬೇಕು. ಹೆಡ್ ವಾರ್ಡರ್ ಬಂದು ಎರಡು, ನಾಲ್ಕು, ಆರು ಎಂದು ಎಣಿಸುತ್ತಾ ಹೋಗಿ, ಕೊನೆಗೆ “ಲೆಕ್ಕ ಸರಿ” ಎಂದು ಕೂಗಿದ ಮೇಲೆಯೇ ಏಳುವುದು. ಬ್ಯಾಂಡಿನವರು ಟ್ರಂಪೆಟ್ಟನ್ನು ತುಟಿಯಿಂದ ಕೀಳುವುದು, ಕೂರುವುದು, ಎದ್ದು ಬಿಟ್ಟ ಸ್ವರದಿಂದಲೇ ಮುಂದುವರಿಸುವುದು ಎಲ್ಲವನ್ನೂ ಎಷ್ಟು ರೂಢಿ ಮಾಡಿಕೊಂಡಿದ್ದರೆಂದರೆ, ಮೇಷ್ಟ್ರಿಗೆ ಅದು ಹಾಡಿನದೇ ಒಂದು ಭಾಗವೆನಿಸಿಬಿಟ್ಟಿತ್ತು. ಅದರ ಬಗ್ಗೆ ಯೋಚಿಸುವುದನ್ನೇ ಅವರು ಬಿಟ್ಟಿದ್ದರು.

ಇನ್ನು ಅವರ ಭಾವಮೈದನ ವಿಷಯ. ಹೆಂಡತಿಯ ತಮ್ಮ, ಅಗ್ನಿಶಾಮಕ ದಳದ ಬ್ಯಾಂಡಿನ ಮುಖ್ಯಸ್ಥ. ನಗರದಲ್ಲಿ ಪ್ರತಿ ವರ್ಷ ಬ್ಯಾಂಡ್ ಸ್ಪರ್ಧೆ, ಪ್ರತಿ ವರ್ಷ ಬಹುಮಾನ ಅವನಿಗೇ. ಅಕ್ಕನ ಮನೆಗೆ ಊಟಕ್ಕೆ ಬಂದನೆಂದರೆ ಭಾವನ ತಲೆ ತಿನ್ನದೆ ಕೈ ತೊಳೆಯುತ್ತಿರಲಿಲ್ಲ. ನಿಮ್ಮ ಶಿಷ್ಯರು ಒಂದು ದಿನವೂ ಅಭ್ಯಾಸ ತಪ್ಪಿಸುವುದಿಲ್ಲವಂತೆ ಭಾವ, ಎಂಥ ಶ್ರದ್ಧೆ ಎಂದು ಗಂಭೀರವಾಗಿ ಹೇಳುವನು, ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವಳು. ಮೇಷ್ಟ್ರು ಒಳಗೊಳಗೇ ಕುದಿಯುತ್ತಿದ್ದರು. ಒಂದೇ ಒಂದು ಸಲ, ಒಂದೇ ಸಲ ಈ ಹುಡುಗನ ಎದುರಿಗೆ ನನ್ನವರನ್ನು ನಿಲ್ಲಿಸಿ, ತಿದಿಯ ಕೈಗೆ ಟ್ರಂಪೆಟ್ ಕೊಟ್ಟು, ಕೇಳೋ ಎನ್ನಬೇಕು. ಅವರಿಗಿದ್ದ ಆಸೆ ಅಷ್ಟೇ.

ಕೈದಿಗಳನ್ನು ಹೊರಗೆ ಬಿಡುವುದು ಸುಲಭವೇ? ವರ್ಷಾನುಗಟ್ಟಲೆ ಸಾಹೇಬರ, ಅಂದರೆ ಜೈಲು ಸೂಪರಿಂಟೆಂಡೆಂಟರ, ಬೆನ್ನು ಬಿದ್ದರು. ಕೊನೆಗೆ ಮೇಷ್ಟ್ರು ನಿವೃತ್ತರಾಗುವ ವರ್ಷ, ಇವರ ಕಾಟ ತಾಳಲಾರದೆಯೋ ಏನೋ, ಸಾಹೇಬರು ಮೇಲಿನವರನ್ನು ಒಪ್ಪಿಸಿಬಿಟ್ಟರು. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸರ್ಕಸ್ಸಿನ ಹಳೆಯ ಹಾಡೊಂದನ್ನು ತಿದ್ದಿ ತೀಡಿ, ಕೊನೆಗೆ ತಿದಿ ಒಬ್ಬನೇ ಊದುವ ಹಾಗೆ ಒಂದು ಉದ್ದನೆಯ ಭಾಗ ಕಟ್ಟಿದರು. ಬೇರೆಯವರೆಲ್ಲ ವಾದ್ಯ ಇಳಿಸಿ ಸುಮ್ಮನೆ ನಿಲ್ಲಬೇಕು, ಅವನು ಮಾತ್ರ. ಅಭ್ಯಾಸದಲ್ಲಿ ಅದನ್ನು ಕೇಳಿದ ದಿನ ಮೇಷ್ಟ್ರು ಮನೆಗೆ ಹೋಗಿ, ಈ ಸಲ ನಿನ್ನ ತಮ್ಮನಿಗೆ ಕಾದಿದೆ ಕಣೇ ಎಂದು ಹೆಂಡತಿಗೆ ಹೇಳಿದರು. ಅವಳು, ಆಗಲಿ ಬಿಡಿ, ಅವನ ಸೊಕ್ಕನ್ನೂ ಯಾರಾದರೂ ಮುರಿಯಬೇಕಿತ್ತು ಎಂದಳು.

ಸ್ಪರ್ಧೆಗೆ ಕೆಲವೇ ವಾರವಿದ್ದಾಗ ಸಾಹೇಬರು ಮೇಷ್ಟ್ರನ್ನು ಕರೆಸಿದರು. ನಾಳೆ ಬಿಡುಗಡೆ ಸಮಿತಿ ಕೂರುತ್ತದೆ, ತಿದಿಯ ವಿಷಯ ಅದರ ಮುಂದೆ ಬರುತ್ತದೆ. ಅವನು ಇಷ್ಟು ವರ್ಷ ನಿಮ್ಮ ಕೈಕೆಳಗೇ ಇದ್ದವನು, ನಿಮ್ಮ ಮಾತಿನ ಮೇಲೆಯೇ ನಾನು ಹೇಳುವುದು. ನೀವು ಒಳ್ಳೆಯ ಮಾತು ಹೇಳಿದರೆ ಈ ಸಲವೇ ಹೋಗುತ್ತಾನೆ, ಇಲ್ಲವಾದರೆ ಇನ್ನು ಆರು ತಿಂಗಳಿಗೆ ಮತ್ತೆ ಸಮಿತಿ. ಇನ್ನೂ ಅವನಿಗೆ ತಿಳಿಸಿಲ್ಲ, ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಎಂದರು.

ಮೇಷ್ಟ್ರಿಗೆ ಮೊದಲು ನೆನಪಾದದ್ದು ಸ್ಪರ್ಧೆ. ಒಳ್ಳೆಯವನೇ ಎಂದರು, ಬಹಳ ಒಳ್ಳೆಯವನು ಎಂದರು, ಆಮೇಲೆ ಅವರ ನಾಲಗೆ ತಾನಾಗಿಯೇ ಹೊರಳಿತು.

“ಆದ್ರೆ ಸಾರ್, ಮುಂದಿನ ಸಲ ನೋಡಬಹುದೇನೋ. ಇನ್ನೂ ಸ್ವಲ್ಪ ಪಳಗಬೇಕು.”

ಸಾಹೇಬರು ಹುಬ್ಬೇರಿಸಿ, ಸರಿ ಎಂದರು. ಅಷ್ಟೇ.

ಅಂಗಳ ದಾಟುವಾಗ ಮೇಷ್ಟ್ರು ತಮಗೆ ತಾವೇ ನೂರು ಸಮಾಧಾನ ಹೇಳಿಕೊಂಡರು. ಇಷ್ಟು ವರ್ಷ ಇದ್ದವನಿಗೆ ಆರು ತಿಂಗಳು ಯಾವ ಲೆಕ್ಕ? ಸ್ಪರ್ಧೆಯಲ್ಲಿ ಊದಿದರೆ ಅವನಿಗೇ ಹೆಸರು. ನಾನೇನು ಕೆಟ್ಟದ್ದು ಹೇಳಲಿಲ್ಲವಲ್ಲ. ಅಭ್ಯಾಸದ ಕೋಣೆಗೆ ಬಂದರೆ ತಿದಿ ಒಬ್ಬನೇ ಕೂತು ಟ್ರಂಪೆಟ್ ಉಜ್ಜುತ್ತಿದ್ದ. ಮುಖದಲ್ಲಿ ಎಂದೂ ಇಲ್ಲದ ಕಳೆ. ಮೇಷ್ಟ್ರು ಕೇಳದಿದ್ದರೂ ಅವನೇ ಮಾತು ತೆಗೆದ. ನಿನ್ನೆ ಮಗಳು ನೋಡಲು ಬಂದಿದ್ದಳಂತೆ. ಅವನು ಒಳಗೆ ಬಂದಾಗ ಅಂಬೆಗಾಲಿಡುತ್ತಿದ್ದ ಕೂಸು, ಈಗ ಟೈಲರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸ್ಪರ್ಧೆ ನೋಡಲು ರಜೆ ಹಾಕಿ ಬರುತ್ತಾಳಂತೆ. ಭೇಟಿ ಕೋಣೆಯಲ್ಲಿ ಇಬ್ಬರ ನಡುವೆ ಎರಡು ಪದರ ತಂತಿ ಜಾಲರಿ, ಬೆರಳು ಕೂಡ ತಾಗುವುದಿಲ್ಲ. ಇಷ್ಟು ವರ್ಷ ಅವಳ ಮುಖವನ್ನು ಅವನು ಚೌಕಳಿ ಚೌಕಳಿಯಾಗಿಯೇ ನೋಡಿದ್ದು.

“ಮೈದಾನದಲ್ಲಿ ಜಾಲರಿ ಇರಲ್ಲ ಅಲ್ವಾ, ಮೇಷ್ಟ್ರೇ?” ಎಂದು ಅವನು ಕೇಳಿದ.

ಜಾಲರಿ ಇರುವುದಿಲ್ಲ, ನಿಜ. ಹಗ್ಗ ಇರುತ್ತದೆ, ಬಂದೂಕು ಇರುತ್ತದೆ, ಹತ್ತಿರ ಹೋಗಬೇಡ ಎನ್ನುವವರು ಇರುತ್ತಾರೆ. ಅದನ್ನು ಹೇಳಲಾರದೆ ಮೇಷ್ಟ್ರು, ಬಂದೆ ಇರಪ್ಪ ಎಂದು ಹೊರಗೆ ಬಂದರು. ಬಂದವರು ನಡೆಯಲಿಲ್ಲ, ಓಡಿದರು. ಆ ದೇಹಕ್ಕೆ ಓಟ ಎಂದರೆ ಸಾಮಾನ್ಯವೇ? ಅಂಗಳದಲ್ಲಿದ್ದ ವಾರ್ಡರುಗಳು ಎಲ್ಲೋ ಬೆಂಕಿ ಬಿತ್ತೆಂದುಕೊಂಡರು. ಸಾಹೇಬರ ಕೋಣೆಗೆ ನುಗ್ಗಿ, ಮೇಜು ಹಿಡಿದುಕೊಂಡು, ಉಸಿರು ತೆಗೆದುಕೊಳ್ಳುತ್ತಲೇ ಹೇಳಿದರು:

“ಸಾರ್, ಆಗ ಹೇಳಿದ್ದು ಸುಳ್ಳು. ನನ್ನ ಬ್ಯಾಂಡಿಗೆ ಅವನು ಬೇಕು ಅಂತ ಹಾಗಂದೆ. ಅವನಷ್ಟು ಪಳಗಿದವನು ಇಲ್ಲಿ ಇನ್ನೊಬ್ಬ ಇಲ್ಲ. ನಾನೂ ಸೇರಿ. ನನಗೆ ಹೊಟ್ಟೆ ಉರೀತಾ ಇದೆ, ಆದ್ರೂ ಅವನು ಹೋಗ್ಲಿ. ನಾಳೆಯೇ ಹೇಳಿಬಿಡಿ.”

ಸಾಹೇಬರು, ಹಾಗಾದರೆ ಸ್ಪರ್ಧೆಯ ಗತಿ ಏನು ಎಂದು ಕೇಳಿದರು. ಮೇಷ್ಟ್ರು, ಹಾಳಾಗಿ ಹೋಗಲಿ ಸಾರ್ ಎಂದು ಕಣ್ಣೊರೆಸಿಕೊಂಡರು.

ತಿದಿ ಹೊರಟದ್ದು ಸ್ಪರ್ಧೆಗೆ ವಾರವಿದ್ದಾಗ. ಹೊರಡುವವನು ಗೇಟು ದಾಟುವ ಹೊತ್ತಿಗೆ ಕೋಣೆಯೊಳಗೆ ಅವಿತು ಕೂರುವುದು ಮೇಷ್ಟ್ರ ರೂಢಿ. ಈ ಸಲ ಗೇಟಿನವರೆಗೂ ಹೋದರು. ತಿದಿ ಟ್ರಂಪೆಟ್ಟನ್ನು ಒರೆಸಿ ಅವರ ಕೈಗೆ ಕೊಟ್ಟ. ಮೇಷ್ಟ್ರಿಗೆ ಅಳು ಬಂದು, ಅಳು ಮುಚ್ಚಲು ಸಿಟ್ಟು ಬಂದು, ಇನ್ನೊಮ್ಮೆ ಈ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ ಎಂದು ಗದರಿ ಕಳಿಸಿದರು. ಮನೆಯಲ್ಲಿ ವಿಷಯ ಕೇಳಿದ ಹೆಂಡತಿ ಮೊದಲು ಅವರ ಬೆನ್ನು ಸವರಿದಳು.

“ನೀವು ಮಾಡಿದ್ದೇ ಸರಿ ಕಣ್ರೀ,” ಎಂದಳು. ಆಮೇಲೆ ನಕ್ಕು, ನನ್ನ ತಮ್ಮ ಮಾತ್ರ ನಿಮ್ಮನ್ನು ಸಾಯುವವರೆಗೂ ಬಿಡುವುದಿಲ್ಲ ಎಂದೂ ಸೇರಿಸಿದಳು.

ತಿದಿಯ ಭಾಗಕ್ಕೆ ಬೇರೆ ಯಾರನ್ನು ಹಾಕುವುದು? ಇರುವ ಹತ್ತೊಂಬತ್ತು ಜನರಲ್ಲಿ ಅಷ್ಟು ಉಸಿರು ಯಾರಿಗೂ ಇಲ್ಲ. ಮೇಷ್ಟ್ರು ತಾವೇ ಕ್ಲಾರಿನೆಟ್ಟಿನಲ್ಲಿ ಊದುವುದೆಂದಾಯಿತು. ಎಲ್ಲವನ್ನೂ ಯೋಚಿಸಿದರು, ಬಟ್ಟೆಗೆ ಇಸ್ತ್ರಿ ಮಾಡಿಸಿದರು, ಗುಂಡಿ ಎಣಿಸಿದರು, ಜೇಬುಗಳ್ಳನಿಗೆ ಅಲ್ಲಿ ಡ್ರಮ್ಮು ಬಿಟ್ಟು ಬೇರೆ ಏನನ್ನೂ ಮುಟ್ಟಬೇಡ ಎಂದು ತಾಕೀತು ಮಾಡಿದರು. ಸ್ಪರ್ಧೆಯ ನಿಯಮಗಳನ್ನು ಸಾಹೇಬರೇ ಓದಿ ಹೇಳಿದ್ದರು. ಸಮಯ ಮುಗಿಯಲು ಒಂದು ನಿಮಿಷವಿದ್ದಾಗ ಎಚ್ಚರಿಕೆಗೆ ಗಂಟೆ ಬಾರಿಸುತ್ತಾರೆ. ಮೇಷ್ಟ್ರು ತಲೆಯಾಡಿಸಿದರು. ಸಾಹೇಬರೂ ತಲೆಯಾಡಿಸಿದರು. ಜೈಲಿನಲ್ಲೇ ಜೀವ ಸವೆಸಿದ ಇಬ್ಬರಿಗೂ ಅದು ಹೊಳೆಯಲಿಲ್ಲ ನೋಡಿ!

ಸ್ಪರ್ಧೆಯ ದಿನ ಮೈದಾನ ತುಂಬಿತ್ತು. ಅಗ್ನಿಶಾಮಕ ದಳದವರು ಎಂದಿನಂತೆ ಅಮೋಘವಾಗಿ ನುಡಿಸಿ ಇಳಿದರು. ಜೈಲಿನ ಬ್ಯಾಂಡು ವೇದಿಕೆ ಹತ್ತಿದಾಗ ಜನ ಕತ್ತು ಉದ್ದ ಮಾಡಿದರು. ಕೆಲವರು ಬ್ಯಾಗು ಎದೆಗೆ ಅವುಚಿಕೊಂಡರು. ಸುತ್ತ ಹಗ್ಗ, ಹಗ್ಗದ ಒಳಗೆ ಹೆಡ್ ವಾರ್ಡರ್, ಹಗ್ಗದ ಆಚೆ ಮೊದಲ ಸಾಲಿನಲ್ಲೇ ಹೊಸ ಅಂಗಿ ತೊಟ್ಟ ತಿದಿ, ಅವನ ಪಕ್ಕ ಮಗಳು. ಆ ಅಂಗಿ ಅವಳೇ ಹೊಲಿದದ್ದಿರಬೇಕು, ಭುಜಕ್ಕೆ ಸರಿಯಾಗಿ ಕೂತಿತ್ತು. ಮೇಷ್ಟ್ರು ಅವನನ್ನು ಕಂಡೂ ಕಾಣದವರಂತೆ ಕೈಯೆತ್ತಿದರು. ಹಾಡು ಶುರುವಾಯಿತು. ಎಂಥ ಹಾಡು! ಬ್ಯಾಗು ಅವುಚಿಕೊಂಡವರು ಅದನ್ನು ನೆಲಕ್ಕಿಟ್ಟು ತಾಳ ಹಾಕತೊಡಗಿದರು. ಭಾವಮೈದನ ಮುಖದ ನಗು ಇಳಿಯಿತು. ಮೇಷ್ಟ್ರು ಕ್ಲಾರಿನೆಟ್ ತುಟಿಗೆ ಏರಿಸಿದರು, ತಿದಿಯ ಭಾಗಕ್ಕೆ ಬಂದೇಬಿಟ್ಟಿತು ಎನ್ನುವಾಗ ತೀರ್ಪುಗಾರರ ಮೇಜಿನಿಂದ ಢಣ್ ಢಣ್ ಎಂದು ಗಂಟೆ ಬಾರಿಸಿತು.

ಹತ್ತೊಂಬತ್ತೂ ಜನ ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತರು. ಜೋಡಿ ಜೋಡಿಯಾಗಿ, ವಾದ್ಯ ಪಕ್ಕಕ್ಕಿಟ್ಟು, ಕೈಯನ್ನು ಮೊಣಕಾಲ ಮೇಲಿಟ್ಟು. ಜೇಬುಗಳ್ಳನ ಪಕ್ಕದ ಜಾಗ ಮಾತ್ರ ಖಾಲಿ, ಅದು ತಿದಿಯ ಜಾಗ. ಮೈದಾನವೆಲ್ಲ ಇದೂ ಆಟದಲ್ಲಿ ಸೇರಿದ್ದೆಂದು ಚಪ್ಪಾಳೆ ತಟ್ಟಿತು, ಆಮೇಲೆ ನಗತೊಡಗಿತು. ಬಹುಮಾನ ಆಗಲೇ ಅಗ್ನಿಶಾಮಕ ದಳದ ಕಪಾಟು ಸೇರಿತೆನ್ನಿ. ಏಳ್ರಪ್ಪಾ ಎಂದು ಮೇಷ್ಟ್ರು ಹಲ್ಲು ಕಚ್ಚಿಕೊಂಡು ಬೇಡಿದರು. ಒಬ್ಬನೂ ಏಳಲಿಲ್ಲ. ಲೆಕ್ಕವಾಗದೆ ಹೇಗೆ ಏಳುವುದು? ಹೆಡ್ ವಾರ್ಡರೂ ಅವರಂತೆಯೇ. ಗಂಟೆ ಕೇಳಿದ್ದೇ ಅವನ ಕಾಲು ತಾನಾಗಿ ನಡೆಯಿತು, ಎರಡು, ನಾಲ್ಕು ಎಂದು ಎಣಿಸುತ್ತಾ ಹೋಗಿ ಕೊನೆಯಲ್ಲಿ ನಿಂತ. ಮತ್ತೆ ಮೊದಲಿಂದ ಎಣಿಸಿದ. ವರ್ಷಗಳಿಂದ ಆ ಬ್ಯಾಂಡೆಂದರೆ ಅವನ ತಲೆಯಲ್ಲಿ ಇಪ್ಪತ್ತು. ಅವನ ಮುಖದ ಬಣ್ಣ ಹಾರಿತು.

“ಒಬ್ಬ ಕಮ್ಮಿ,” ಎಂದು ಅವನು ಕೂಗಿದ.

ನಗು ಗಕ್ಕನೆ ನಿಂತಿತು. ಪೊಲೀಸರು ಓಡಿ ಮೈದಾನದ ಗೇಟು ಹಾಕಿದರು. ಆ ನಿಶ್ಶಬ್ದದಲ್ಲಿ ಹಗ್ಗದ ಆಚೆಯಿಂದ ಒಂದು ಹೆಣ್ಣು ದನಿ ಕೇಳಿಸಿ ಮೇಷ್ಟ್ರು ತಿರುಗಿ ನೋಡಿದರು. ಹೊಸ ಅಂಗಿಯ ತಿದಿಯೂ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈ ಮೊಣಕಾಲ ಮೇಲೆ, ಕಣ್ಣು ನೆಲದ ಮೇಲೆ. ಮಗಳು ಬಗ್ಗಿ ಅವನ ತೋಳು ಹಿಡಿದು ಎಬ್ಬಿಸುತ್ತಿದ್ದಳು.

“ಏಳಪ್ಪ. ಇನ್ನು ನಿನ್ನನ್ನ ಯಾರೂ ಎಣಿಸಲ್ಲ.”

ಅವನು ಏಳಲಿಲ್ಲ, ಅವನಿಂದ ಆಗಲಿಲ್ಲ. ಸುತ್ತಲಿನವರೆಲ್ಲ ನೋಡುತ್ತಿದ್ದರು. ಹುಡುಗಿ ಅತ್ತ ಇತ್ತ ನೋಡಿದಳು, ಆಮೇಲೆ ಲಂಗ ಸರಿ ಮಾಡಿಕೊಂಡು ತಾನೂ ಅಪ್ಪನ ಪಕ್ಕದಲ್ಲಿ ಹಾಗೆಯೇ ಕೂತು, ಕೈಯನ್ನು ತನ್ನ ಮೊಣಕಾಲ ಮೇಲಿಡದೆ ಅವನ ಕೈಯ ಮೇಲಿಟ್ಟಳು.

ಹೆಡ್ ವಾರ್ಡರ್ ಮೂರನೆಯ ಸಲ ಎಣಿಸಲು ಹೊರಟಿದ್ದ. ಮೇಷ್ಟ್ರು ಅವನ ಭುಜ ಹಿಡಿದು ನಿಲ್ಲಿಸಿ ಹಗ್ಗದ ಆಚೆಗೆ ಕೈ ತೋರಿಸಿದರು.

“ಕಮ್ಮಿ ಇಲ್ಲ ಕಣಯ್ಯ. ಅಲ್ಲಿ ನೋಡು, ಮಗಳ ಪಕ್ಕ ಕೂತಿದ್ದಾನೆ. ಕೂಗು.”

ಹೆಡ್ ವಾರ್ಡರ್ ನೋಡಿದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಮೈದಾನದ ಮೂಲೆ ಮೂಲೆಗೂ ಕೇಳುವ ಹಾಗೆ “ಲೆಕ್ಕ ಸರಿ” ಎಂದು ಕೂಗಿದ. ಹಗ್ಗದ ಒಳಗೆ ಹತ್ತೊಂಬತ್ತು ಜನ ವಾದ್ಯ ಎತ್ತಿಕೊಂಡು ಎದ್ದರು, ಹಗ್ಗದ ಆಚೆ ಅಪ್ಪ ಮಗಳು ಎದ್ದರು.